ಬಲ ಅಂಚು, ಕೂದಲೆಳೆಯಷ್ಟು

ನನ್ನ ಭಾವ ಮೂವತ್ತನಾಲ್ಕು ವರ್ಷ ಸಿಟಿ ಬಸ್ಸು ಓಡಿಸಿದವರು. ನಿವೃತ್ತಿಯಾದ ಮೇಲೆ ಮನೆ ಓಡಿಸಲು ಹೋಗಿ ಅಕ್ಕನ ಕೈಲಿ ದಿನಕ್ಕೆ ನಾಲ್ಕು ಸಲ ಬೈಸಿಕೊಳ್ಳುತ್ತಿದ್ದರು. ‘ನಿನ್ನ ಭಾವ ಕುಕ್ಕರಿಗೂ ಟೈಮ್‌ಟೇಬಲ್ ಹಾಕಿದಾರೆ ಕಣೋ. ಎರಡು ನಿಮಿಷ ತಡ ಆದ್ರೆ ಬಾಗಿಲಲ್ಲಿ ನಿಂತು ವಾಚು ನೋಡ್ತಾರೆ,’ ಎಂದು ಅಕ್ಕ ಫೋನಿನಲ್ಲಿ ನನ್ನ ಹತ್ತಿರ ಹೇಳಿಕೊಳ್ಳುತ್ತಿದ್ದಳು. ಅಂಥ ಮನುಷ್ಯನಿಗೆ ಲೆನ್ಸಮ್ಮನ ಅಂಗಡಿ ಸಿಕ್ಕಿದ್ದು ಆ ಮನೆಯ ಪುಣ್ಯ.

ಡ್ರೈಕ್ಲೀನಿಂಗ್ ಅಂಗಡಿಗೂ ಕೀಲಿಕೈ ಮಾಡುವವನ ಗೂಡಿಗೂ ನಡುವೆ ಒಬ್ಬರು ಅಡ್ಡವಾಗಿ ಹೋಗುವಷ್ಟು ಅಗಲದ ಅಂಗಡಿ ಅದು. ಹಳೆಯ ನಾಣ್ಯ, ಅಂಚೆಚೀಟಿ, ಬೆಂಕಿಪೊಟ್ಟಣದ ಲೇಬಲ್ಲು, ಇವೆಲ್ಲಕ್ಕಿಂತ ಹೆಚ್ಚಾಗಿ ಹಿಂದೆ ಚೂಯಿಂಗ್ ಗಮ್ ಪೊಟ್ಟಣದೊಳಗೆ ಬರುತ್ತಿದ್ದ ಆಟಗಾರರ ಚಿತ್ರದ ಕಾರ್ಡು. ಆಕೆ ಮೊದಲು ಹಲ್ಲಿನ ಲ್ಯಾಬಿನಲ್ಲಿ ಕಟ್ಟುಹಲ್ಲು ಮಾಡುತ್ತಿದ್ದವರು. ಕೆಲಸ ಬಿಟ್ಟರೂ ಹಣೆಗೆ ಕಟ್ಟಿಕೊಳ್ಳುವ ಆ ಭೂತಗನ್ನಡಿಯನ್ನು ಬಿಟ್ಟಿರಲಿಲ್ಲ. ಅದಕ್ಕೇ ಲೆನ್ಸಮ್ಮ. ಭಾನುವಾರ ಹತ್ತರಿಂದ ಒಂದರವರೆಗೆ ಅಂಗಡಿಯ ಹಿಂದಿನ ಮೇಜಿನ ಸುತ್ತ ಐದಾರು ಜನ ಸೇರುತ್ತಿದ್ದರು. ಎಲ್ಲರೂ ಅರವತ್ತು ದಾಟಿದವರು, ಎಲ್ಲರೂ ಹನ್ನೊಂದು ವರ್ಷದವರ ಹಾಗೆ ಜಗಳ ಆಡುವವರು. ನಮ್ಮ ಭಾವ ಹೇಗೋ ಅಲ್ಲಿಗೆ ಸೇರಿಕೊಂಡರು. ಶನಿವಾರ ಸಂಜೆಯೇ ಶರ್ಟಿಗೆ ಇಸ್ತ್ರಿ ಆಗುತ್ತಿತ್ತು. ಅಕ್ಕನಿಗೆ ಭಾನುವಾರ ಮೂರು ಗಂಟೆ ಬಿಡುವು.

ನಾನು ಬೈಂಡರ್. ಗುರು ಗಿರು ಯಾರೂ ಇಲ್ಲ, ಹರಿದ ಪುಸ್ತಕ ಬಿಚ್ಚಿ ಬಿಚ್ಚಿ ಕಲಿತವನು. ಕಲಿಯುವ ದಿನಗಳಲ್ಲಿ ಒಮ್ಮೆ ಒಂದು ಹಳೇ ದಪ್ಪ ನಿಘಂಟಿನ ರಟ್ಟು ಬಿಚ್ಚಿದಾಗ, ಹಿಂದಿನ ರಟ್ಟಿಗೆ ಅಂಟಿಸಿದ ಒಳಹಾಳೆಯ ಅಡಿಯಲ್ಲಿ ಬೆರಳುದ್ದದ ಚೀಟಿಯೊಂದು ಸಿಕ್ಕಿತು. ಯಾರೋ ಗುರುತಿಲ್ಲದ ಬೈಂಡರು ತಾನು ಮಾಡಿದ ಕೆಲಸವನ್ನು ಬರೆದಿಟ್ಟಿದ್ದ: ಬೆನ್ನು ಹೊಸದು, ಹೊಲಿಗೆ ಹಳೆಯದೇ, ಎರಡು ಪುಟ ಕಾಣೆ. ಮುಂದೆ ಇದನ್ನು ಬಿಚ್ಚುವವನಿಗೆ ಗೊತ್ತಿರಲಿ ಎಂದು. ನನಗೆ ಮೈ ಝುಮ್ಮೆಂದಿತು. ಅವತ್ತಿನಿಂದ ನಾನೂ ಹಾಗೇ. ನನ್ನ ಕೈಯಿಂದ ಹೋದ ಒಂದೊಂದು ಪುಸ್ತಕದಲ್ಲೂ ಒಳಹಾಳೆಯ ಅಡಿಗೆ ಒಂದು ಚೀಟಿ ಇದೆ. ಗಿರಾಕಿಗೆ ಗೊತ್ತಿರುವುದಿಲ್ಲ. ಯಾರಿಗೂ ಹೇಳುವುದಿಲ್ಲ. ಮರೆಮಾಚಲು ಏನೂ ಇಲ್ಲದ ಮನುಷ್ಯ ನಾನು ಎಂದು ನನಗೆ ನಾನೇ ಬೆನ್ನು ತಟ್ಟಿಕೊಳ್ಳುವ ರೀತಿ ಅದು.

ಮೂರು ವರ್ಷದ ಹಿಂದೆ ಭಾವ ಒಂದು ಬಿಸ್ಕತ್ತಿನ ಡಬ್ಬಿ ತಂದು ನನ್ನ ಮೇಜಿನ ಮೇಲಿಟ್ಟಿದ್ದರು. ಅದರೊಳಗೆ ಅವರ ಬಾಲ್ಯ: ತೊಂಬತ್ತೆರಡು ಫುಟ್‌ಬಾಲ್ ಕಾರ್ಡು. ‘ಭಾಮೈದ, ಇವಕ್ಕೊಂದು ಮನೆ ಕಟ್ಟಿಕೊಡು,’ ಅಂದರು. ನಾನು ಒಂದು ವಾರ ಕೂತು ಆಲ್ಬಮ್ ಮಾಡಿದೆ. ಗಟ್ಟಿ ರಟ್ಟು, ಕಡುಗೆಂಪು ಬಟ್ಟೆ, ಒಂದೊಂದು ಕಾರ್ಡಿಗೂ ಒಂದೊಂದು ಪಾರದರ್ಶಕ ಜೇಬು. ಅವರ ಕಣ್ಣಿಗೆ ಆಗಲೇ ಪೊರೆ ಬರುತ್ತಿತ್ತು. ಆಲ್ಬಮನ್ನು ಮೂಗಿನ ಹತ್ತಿರ ಹಿಡಿದು, ಬಟ್ಟೆಯನ್ನು ಸವರಿ, ‘ಏನೋ ಇದು, ಮದುವೆ ಫೋಟೋಗೂ ಇಷ್ಟು ಮಾಡ್ಸಿರಲಿಲ್ಲ ನಾನು,’ ಎಂದು ನನ್ನ ಹೆಗಲು ಹಿಡಿದುಕೊಂಡಿದ್ದರು. ಆಮೇಲೆ ಅದನ್ನು ಬಟ್ಟೆಯಲ್ಲಿ ಸುತ್ತಿ ಬೀರುವಿನ ಮೇಲಿಟ್ಟರು.

ಈ ವರ್ಷ ಎರಡೂ ಕಣ್ಣಿಗೆ ಆಪರೇಷನ್ ಆಯಿತು. ಎರಡು ತಿಂಗಳು ಕಳೆದ ಮೇಲೆ ಒಂದು ಭಾನುವಾರ ಬೆಳಗ್ಗೆಯೇ ಫೋನು.

‘ಭಾಮೈದ, ಇವತ್ತು ಅಂಗಡಿಗೆ ಬಾ. ಆಲ್ಬಮ್ ತಗೊಂಡ್ ಹೋಗ್ತಿದೀನಿ. ನೀನೇ ಹಿಡ್ಕೊಂಡು ಕೂರು, ಸ್ಕೂಟರಲ್ಲಿ ಹಿಂದೆ.’

‘ತೆಗೆದು ನೋಡಿದ್ರಾ ಭಾವ?’

‘ಇಲ್ಲ. ಹೊಸ ಕಣ್ಣಿನ ಮೊದಲ ನೋಟ ಎಲ್ಲರ ಮುಂದೆ ಆಗ್ಬೇಕು. ಆ ಡ್ರಾಯಿಂಗ್ ಮೇಷ್ಟ್ರು ವಾರವಾರ ಕೊಚ್ಕೋತಾರೆ. ಇವತ್ತು ಗೋಲ್‌ಕೀಪರ್ ಇಳೀತಾನೆ.’

ಗೋಲ್‌ಕೀಪರ್ ಕಾರ್ಡಿನ ಕಥೆ ನಮ್ಮ ಮನೆಯಲ್ಲಿ ಎಲ್ಲರಿಗೂ ಬಾಯಿಪಾಠ, ಅಂದರೆ ಯಾರೂ ಕಿವಿಗೊಟ್ಟು ಕೇಳುತ್ತಿರಲಿಲ್ಲ ಎಂದರ್ಥ. ಹನ್ನೊಂದನೇ ವಯಸ್ಸಿನಲ್ಲಿ ದವಡೆ ನೋಯುವವರೆಗೆ ಗಮ್ ಅಗಿದದ್ದು, ಕೊನೆಗೆ ಆ ಹಸಿರು ಅಂಗಿಯ ಗೋಲ್‌ಕೀಪರ್ ಸಿಕ್ಕಿದ್ದು, ಅವನು ಬಲಕ್ಕೆ ಹಾರಿರುವುದು, ‘ಎಲ್ಲರ ಕಾರ್ಡಲ್ಲಿ ಅವನು ಸುಮ್ನೆ ಗಾಳಿ ಹಿಡೀತಾನೆ, ನನ್ನದರಲ್ಲಿ ಮಾತ್ರ ಚೆಂಡಿದೆ’ ಎಂಬುದು. ನಾನು ಹೂಂಗುಡುತ್ತಾ ಅಂಟು ಕಲಸುತ್ತಿದ್ದೆ. ಹೂಂಗುಡುವುದೂ ಕೇಳುವುದೂ ಬೇರೆ ಬೇರೆ ಎಂದು ನನಗೆ ಈಗ ಗೊತ್ತಾಗಿದೆ.

ಅಂಗಡಿಯಲ್ಲಿ ಅವತ್ತು ಮೇಜಿನ ಸುತ್ತ ಐದು ಜನ. ಎದುರಿಗೆ ಡ್ರಾಯಿಂಗ್ ಮೇಷ್ಟ್ರು. ತೆಳ್ಳಗೆ, ಪೆನ್ಸಿಲ್ ಕೆತ್ತಿದ ಹಾಗೆ ಮಾತು. ಲೆನ್ಸಮ್ಮ ಟೀ ಲೋಟಗಳನ್ನೆಲ್ಲ ಕಿಟಕಿಗೆ ಎತ್ತಿಟ್ಟು ಮೇಜು ಒರೆಸಿದರು.

‘ಗ್ರೇಡಿಂಗಿಗೆ ಕಳಿಸ್ಬೇಕು ಅಂತಿದೀರಂತೆ,’ ಎಂದು ಭಾವನನ್ನು ಕೇಳಿದರು.

ಗ್ರೇಡಿಂಗ್ ಎಂದರೆ ಏನು ಎಂದು ನಾನು ತಿಳಿದುಕೊಂಡದ್ದು ಅಲ್ಲೇ. ದೂರದ ಯಾವುದೋ ಊರಿನಲ್ಲಿ ಅದಕ್ಕೊಂದು ಕಂಪನಿ. ಕಾರ್ಡನ್ನು ಅವರಿಗೆ ಕಳಿಸಿದರೆ ಮೂಲೆ, ಅಂಚು, ಮೈ, ಚಿತ್ರ ನಡುವಿಗೆ ಸರಿಯಾಗಿ ಕೂತಿದೆಯೇ, ಎಲ್ಲ ಪರೀಕ್ಷಿಸಿ ಹತ್ತಕ್ಕೆ ಇಷ್ಟು ಎಂದು ಅಂಕ ಕೊಟ್ಟು, ಗಟ್ಟಿ ಪ್ಲಾಸ್ಟಿಕ್ ಪೆಟ್ಟಿಗೆಯೊಳಗೆ ಸೀಲು ಮಾಡಿ ವಾಪಸ್ಸು ಕಳಿಸುತ್ತಾರೆ. ಕತ್ತರಿಸಿದ್ದು, ಬಣ್ಣ ಹಚ್ಚಿದ್ದು, ಇಸ್ತ್ರಿ ಮಾಡಿದ್ದು ಅಂತ ಗೊತ್ತಾದರೆ ಅಂಕವೇ ಇಲ್ಲ, ಫೀಸೂ ವಾಪಸ್ಸಿಲ್ಲ. ಅದಕ್ಕೇ ಕಳಿಸುವ ಮುಂಚೆ ಲೆನ್ಸಮ್ಮನ ಕಣ್ಣು ದಾಟಬೇಕು.

‘ಮಾರ್ತೀರಾ?’ ಲೆನ್ಸಮ್ಮ ಕೇಳಿದರು.

‘ಅಯ್ಯೋ, ಇಲ್ಲ.’

‘ಮಾರದೇ ಇದ್ರೆ ಅಂಕ ಯಾಕೆ? ಆ ಫೀಸಲ್ಲಿ ಇದೇ ಕಾರ್ಡಿನ ಮಾಮೂಲಿ ಪ್ರತಿ ನಾಲ್ಕು ಬರುತ್ತೆ.’

‘ನಾನು ಹತ್ತನೇ ಕ್ಲಾಸಲ್ಲಿ ಡುಮ್ಕಿ ಹೊಡೆದೋನು ಕಣಮ್ಮ. ಈ ವಯಸ್ಸಲ್ಲಾದ್ರೂ ಹತ್ತಕ್ಕೆ ಎಂಟು ಬರ್ಲಿ. ಅದೂ ಅಲ್ದೆ ನಂದು ಮಾಮೂಲಿ ಅಲ್ಲ. ಚೆಂಡಿದೆ.’

ಮೇಜಿನ ಸುತ್ತ ಒಂದು ಸದ್ದು ಎದ್ದಿತು. ಮೇಷ್ಟ್ರು ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡರು. ನನ್ನ ಮುಖದಲ್ಲಿ ಏನೂ ಅರ್ಥವಾಗದ್ದು ಕಂಡು ಲೆನ್ಸಮ್ಮನೇ ಬಿಡಿಸಿ ಹೇಳಿದರು. ಆ ಕಾರ್ಡಿನ ಮೊದಲ ಮುದ್ರಣದಲ್ಲಿ ಬಲ ಅಂಚಿಗೆ ಅಂಟಿಕೊಂಡ ಹಾಗೆ ಚೆಂಡಿನ ಒಂದು ಚೂರು ಕಾಣುತ್ತಿತ್ತಂತೆ. ಉಗುರಿನಷ್ಟು ಉದ್ದ, ಬಿಲ್ಲಿನ ಹಾಗೆ ಬಾಗಿದ್ದು, ಹಳೇ ಚರ್ಮದ ಚೆಂಡಾದ್ದರಿಂದ ಕಂದು ಬಣ್ಣ. ಅಚ್ಚಿನ ಮನೆಯಲ್ಲಿ ಯಾರೋ ಅದನ್ನು ಶಾಯಿಯ ಕಲೆ ಅಂದುಕೊಂಡು ಎರಡನೇ ಮುದ್ರಣದಲ್ಲಿ ಅಳಿಸಿಬಿಟ್ಟರಂತೆ. ‘ಚೆಂಡಿರೋದನ್ನ ನಾನು ಇಷ್ಟು ವರ್ಷದಲ್ಲಿ ಎರಡೇ ಸಲ ನೋಡಿರೋದು. ಅದಾದ್ರೆ ಕಣ್ಣು ಮುಚ್ಕೊಂಡು ಗ್ರೇಡಿಂಗಿಗೆ ಕಳಿಸಿ,’ ಅಂದರು.

ಕಂದು ಬಣ್ಣ, ಬಿಲ್ಲಿನ ಹಾಗೆ. ಅಷ್ಟು ಕೇಳಿದ್ದೇ ತಡ, ಆಲ್ಬಮನ್ನು ಎದೆಗೆ ಒತ್ತಿ ಹಿಡಿದುಕೊಂಡೆ.

ಮೂರು ವರ್ಷದ ಹಿಂದೆ, ಜೇಬಿಗೆ ಹಾಕುವ ಮುಂಚೆ, ಒಂದೊಂದೇ ಕಾರ್ಡನ್ನು ದೀಪದಡಿ ಹಿಡಿದು ನೋಡಿದ್ದೆ. ಹಸಿರು ಅಂಗಿಯವನ ಬಲ ಅಂಚು ನವೆದು ನಾರಾಗಿತ್ತು. ಆ ಅಂಚಿನಲ್ಲಿ ಒಂದು ಕಂದು ಕಲೆ. ಟೀ ಲೋಟದ ಕಲೆ, ಅಲ್ಲವಾದರೆ ಡಬ್ಬಿಯ ತುಕ್ಕು. ಬೈಂಡರ ಕೈ ಅಂಥದ್ದನ್ನು ಕಂಡರೆ ಸುಮ್ಮನಿರುವುದಿಲ್ಲ. ಯಾವ ಪುಸ್ತಕ ಬಂದರೂ ಮೂರು ಕಡೆ ಅಂಚು ಕತ್ತರಿಸಿ ಹೊಸದು ಮಾಡುವುದು ನಮಗೆ ಮುಖ ತೊಳೆದ ಹಾಗೆ. ಉಕ್ಕಿನ ಸ್ಕೇಲು ಇಟ್ಟೆ, ಹೊಸ ಬ್ಲೇಡು ಹಾಕಿದೆ, ಒಂದೇ ಎಳೆತ. ಕೂದಲೆಳೆಯಷ್ಟು. ಉಳಿದದ್ದು ಎಷ್ಟು ಚೆನ್ನಾಗಿ ಕಂಡಿತೆಂದರೆ ನಾನೇ ಎರಡು ಸಲ ಎತ್ತಿ ಹಿಡಿದು ನೋಡಿದ್ದೆ. ಭಾವನಿಗೆ ಹೇಳಲಿಲ್ಲ. ಕೆಟ್ಟದ್ದು ಮಾಡಿದೆ ಎಂದಲ್ಲ, ಒಳ್ಳೆಯದು ಮಾಡಿ ಹೇಳದೇ ಇರುವುದು ದೊಡ್ಡತನ ಎಂದುಕೊಂಡು.

ಭಾವ ಆಲ್ಬಮನ್ನು ನನ್ನ ಕೈಯಿಂದ ತೆಗೆದುಕೊಂಡು ತೆರೆದರು. ಹಸಿರು ಅಂಗಿಯವನ ಪುಟ. ಹೊಸ ಕಣ್ಣುಗಳನ್ನು ಅಗಲಿಸಿ ನೋಡಿದರು. ಜೇಬಿನಿಂದ ಕಾರ್ಡು ತೆಗೆದು ತಿರುಗಿಸಿದರು. ಹಿಂದೆ ನೋಡಿದರು, ಮತ್ತೆ ಮುಂದೆ ನೋಡಿದರು.

‘ಇದಲ್ಲ,’ ಅಂದರು. ಆಮೇಲೆ, ‘ಇದೇ. ಹಿಂದೆ ನನ್ನ ಹೆಸರಿನ ಮೊದಲಕ್ಷರ ಇದೆ ನೋಡಿ, ನಾನೇ ಪೆನ್ಸಿಲಲ್ಲಿ ಬರೆದಿದ್ದು.’

‘ಚೆಂಡು ಎಲ್ಲಿ ಡ್ರೈವರ್ ಸಾಹೇಬ್ರೇ?’ ಮೇಷ್ಟ್ರು ಕೇಳಿದರು. ‘ಗೋಲ್ ಆಗೋಯ್ತಾ?’

ಯಾರೋ ನಕ್ಕರು. ಲೆನ್ಸಮ್ಮ ನಗದೆ ಕಾರ್ಡು ತೆಗೆದುಕೊಂಡು, ಹಣೆಯ ಕನ್ನಡಿಯನ್ನು ಕಣ್ಣಿಗೆ ಇಳಿಸಿದರು. ಅದೇ ಸರಣಿಯ ಇನ್ನೊಂದು ಕಾರ್ಡನ್ನು ಅದರ ಮೇಲಿಟ್ಟು ಅಂಚು ಕೂಡಿಸಿದರು. ಅವರ ಉಸಿರು ಕಾರ್ಡಿಗೆ ತಾಗದ ಹಾಗೆ ಬಾಯಿಗೆ ಕೈ ಅಡ್ಡ ಇಟ್ಟುಕೊಂಡಿದ್ದರು.

‘ಇದನ್ನ ಕಳಿಸ್ಬೇಡಿ ಅಣ್ಣ,’ ಅಂದರು. ‘ಅಗಲ ಕಮ್ಮಿ ಇದೆ. ಎಡಗಡೆ ಎರಡು ಮೂಲೆಗೆ ಐವತ್ತು ವರ್ಷ ವಯಸ್ಸಾಗಿದೆ. ಬಲಗಡೆ ಎರಡು ಮೊನ್ನೆ ಹುಟ್ಟಿವೆ. ಯಾರೋ ಕತ್ತರಿಸಿದಾರೆ.’

‘ಅಂದ್ರೆ ಕ್ಷೌರ ಆಗಿದೆ,’ ಎಂದರು ಮೇಷ್ಟ್ರು. ‘ಚೆಂಡು ಅನ್ನೋದು ಬರೀ ಪೀಠಿಕೆ.’

ಭಾವನ ಕಿವಿ ಕೆಂಪಾಯಿತು. ‘ನಾನು ಸುಳ್ಳು ಹೇಳೋನಲ್ಲ ಮೇಷ್ಟ್ರೇ. ಚೆಂಡಿತ್ತು. ಈ ಕಾರ್ಡನ್ನ ನಾನು ಬಿಟ್ರೆ ಯಾರೂ ಮುಟ್ಟಿಲ್ಲ.’

‘ಆಲ್ಬಮ್ ಯಾರು ಮಾಡಿದ್ದು?’ ಲೆನ್ಸಮ್ಮ ಸುಮ್ಮನೆ ಕೇಳಿದರು. ಅವರ ಕನ್ನಡಿಯ ಹಿಂದಿನ ಕಣ್ಣು ದೊಡ್ಡದಾಗಿ ನನ್ನ ಕಡೆ ತಿರುಗಿತು.

ನಾನು ಬಾಯಿ ತೆರೆಯುವ ಮುಂಚೆಯೇ ಭಾವ ಅಡ್ಡ ಬಂದರು. ‘ನನ್ನ ಭಾಮೈದ. ಅವನ ಸುದ್ದಿ ಬೇಡ. ಇನ್ನೊಬ್ಬರ ವಸ್ತು ಮೇಲೆ ಧೂಳು ಬಿದ್ರೂ ಕೇಳಿ ಒರೆಸೋನು ಅವನು.’

ಆ ಕ್ಷಣದಲ್ಲಿ ಹೇಳಬಹುದಾಗಿತ್ತು. ಮೇಜಿನ ಸುತ್ತ ಐದು ಮುಖ, ಎಲ್ಲವೂ ನನ್ನ ಕಡೆ. ಭಾವನ ಕೈ ನನ್ನ ಹೆಗಲ ಮೇಲೆ. ನಾನು ಹೇಳಿದ್ದು ಇದು:

‘ಬಿಡಿ ಭಾವ. ಐವತ್ತು ವರ್ಷದ ಹಿಂದಿನ ಮಾತು. ಬೇರೆ ಯಾರದ್ದೋ ಕಾರ್ಡಲ್ಲಿ ಚೆಂಡು ನೋಡಿರ್ತೀರ. ನೆನಪು ಅನ್ನೋದು ಹಂಗೇ.’

ಅವರ ಕೈ ನನ್ನ ಹೆಗಲಿನಿಂದ ಇಳಿಯಿತು. ಸಿಟ್ಟಿನಿಂದಲ್ಲ. ಏನನ್ನೋ ಯೋಚಿಸುತ್ತಾ, ತಮ್ಮ ಹಣೆ ಮುಟ್ಟಿಕೊಳ್ಳಲು.

ಆಮೇಲಿನ ವಾರಗಳಲ್ಲಿ ನಾನು ಅಕ್ಕನ ಮನೆ ಕಡೆ ಹೋಗಲಿಲ್ಲ. ಫೋನು ಬಂದರೆ ಕೈ ತುಂಬ ಅಂಟು ಎನ್ನುತ್ತಿದ್ದೆ. ಇದೆಲ್ಲ ಒಂದು ಕಾರ್ಡಿನ ಮಾತು ತಾನೇ, ವಯಸ್ಸಾದವರ ಆಟ, ಮರೆತುಹೋಗುತ್ತದೆ ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ. ಶಾಲೆಯ ಹಾಜರಿ ಪುಸ್ತಕಗಳ ಅಂಚು ಕತ್ತರಿಸಲು ಮಷೀನಿನ ಹಿಡಿ ಎಳೆದಾಗಲೆಲ್ಲ ಕೆಳಗೆ ಬೀಳುವ ಎಳೆಗಳನ್ನು ನೋಡದೆ ಗುಡಿಸಿಹಾಕುತ್ತಿದ್ದೆ.

ಆರನೇ ವಾರ ಅಕ್ಕನೇ ಬಂದಳು. ಚಪ್ಪಲಿ ಬಿಡದೆ ರಟ್ಟಿನ ಕಟ್ಟಿನ ಮೇಲೆ ಕೂತಳು. ಕೂತ ರೀತಿ ನೋಡಿಯೇ ನನಗೆ ಭಯವಾಯಿತು.

‘ನಿನ್ನ ಭಾವ ಭಾನುವಾರ ಮನೇಲೇ ಇರ್ತಾರೆ,’ ಅಂದಳು.

‘ಮೇಷ್ಟ್ರ ಮೇಲೆ ಕೋಪ ಇರ್ಬೇಕು.’

‘ಕೋಪ ಆಗಿದ್ರೆ ನಾನೇ ಸಂಭಾಳಿಸ್ತಿದ್ದೆ. ಒಂದು ಡೈರಿ ತಗೊಂಡಿದಾರೆ. ಗ್ಯಾಸ್ ಆಫ್ ಮಾಡಿದ್ದು ಬರೀತಾರೆ. ಬಾಗಿಲು ಹಾಕಿದ್ದು ಬರೀತಾರೆ. ಮಾತ್ರೆ ನುಂಗಿದ್ದು ಬರೆದು, ನನ್ನ ಕೈಲಿ ಸಹಿ ಹಾಕಿಸ್ಕೋತಾರೆ. ನಾನೇನು ಟಿಕೆಟ್ ಚೆಕಿಂಗಾ?’ ಅಕ್ಕನಿಗೆ ತನ್ನ ಮಾತಿಗೇ ನಗು ಬಂದಿತು, ಆದರೆ ಅರ್ಧದಲ್ಲೇ ನಿಂತಿತು. ಚೀಲದಿಂದ ಏನೋ ತೆಗೆದು ನನ್ನ ಮೇಜಿನ ಮೇಲಿಟ್ಟಳು. ಸ್ಕೂಟರಿನ ಕೀಲಿಕೈ. ಪುಟ್ಟ ಹಿತ್ತಾಳೆ ಬಸ್ಸು ನೇತಾಡುವ ಕೀಲಿಕೈ, ನಿವೃತ್ತಿಯ ದಿನ ಡಿಪೋದವರು ಕೊಟ್ಟದ್ದು.

‘ಇವತ್ತು ಬೆಳಿಗ್ಗೆ ಇದನ್ನ ನನ್ನ ಕೈಲಿ ಕೊಟ್ರು. ಇಲ್ಲದೇ ಇದ್ದ ಚೆಂಡನ್ನ ಐವತ್ತು ವರ್ಷ ಕಂಡೋನು ನಾನು, ನಾಳೆ ಕೆಂಪು ದೀಪ ಹಸಿರಾಗಿ ಕಂಡ್ರೆ ಏನು ಗತಿ, ನನ್ನ ತಲೆ ಮೇಲೆ ನನಗೇ ನಂಬಿಕೆ ಹೋಗಿದೆ ಅಂದ್ರು. ಗುರುವಾರ ಡಾಕ್ಟರ ಹತ್ರ ಹೋಗ್ತಿದಾರೆ, ಮರೆವಿನ ಕಾಯಿಲೆಗೆ. ಒಂದು ತಿಂಗಳಿಂದ ಸರಿಯಾಗಿ ಊಟ ಇಲ್ಲ.’ ಸೆರಗಿನಲ್ಲಿ ಮೂಗು ಒರೆಸಿಕೊಂಡಳು. ‘ಅವರು ನಿನ್ನ ಮಾತಾದ್ರೆ ಕೇಳ್ತಾರೆ ಕಣೋ. ಒಂದು ಸಲ ಬಂದು ಧೈರ್ಯ ಹೇಳು.’

ಅವರು ನನ್ನ ಮಾತು ಕೇಳಿದ್ದೇ ಇಷ್ಟಕ್ಕೆಲ್ಲ ಕಾರಣ ಎಂದು ನಾನು ಅವಳಿಗೆ ಅಲ್ಲೂ ಹೇಳಲಿಲ್ಲ. ‘ಮಧ್ಯಾಹ್ನ ಬರ್ತೀನಿ,’ ಎಂದಷ್ಟೇ ಅಂದೆ. ಅವಳು ಹೋದ ಮೇಲೆ ಸಣ್ಣ ಚೂರಿಯನ್ನು ಬಟ್ಟೆಯಲ್ಲಿ ಸುತ್ತಿ, ಆ ಕೀಲಿಕೈಯ ಜೊತೆ ಜೇಬಿಗೆ ಹಾಕಿಕೊಂಡೆ.

ಭಾವ ಮುಂದಿನ ಕೋಣೆಯಲ್ಲಿ ಕುರ್ಚಿಯ ತುದಿಗೆ ಕೂತಿದ್ದರು, ಬೇರೆಯವರ ಮನೆಗೆ ಬಂದವರ ಹಾಗೆ. ಡೈರಿ ತೊಡೆಯ ಮೇಲೆ. ನನ್ನನ್ನು ಕಂಡು ಮುಖ ಅರಳಿತು.

‘ಬಾರೋ ಭಾಮೈದ. ಆರು ವಾರ ಆಯ್ತಲ್ವಾ ನೀನು ಬಂದು? ಆರೇ ತಾನೇ?’ ಎಂದು ಡೈರಿ ತಿರುವಿದರು. ‘ಹೂಂ, ಆರು.’

‘ಭಾವ, ಆಲ್ಬಮ್ ಕೊಡಿ.’

‘ಅದ್ಯಾಕೆ ಈಗ?’

‘ಕೊಡಿ ಭಾವ.’

ಅಕ್ಕ ಬೀರುವಿನ ಮೇಲಿಂದ ತಂದುಕೊಟ್ಟಳು. ನಾನು ಆಲ್ಬಮನ್ನು ಟೀಪಾಯಿಯ ಮೇಲೆ ಮಗುಚಿ ಹಾಕಿ ಹಿಂದಿನ ರಟ್ಟು ತೆರೆದೆ. ಚೂರಿಯ ತುದಿಯನ್ನು ಒಳಹಾಳೆಯ ಮೂಲೆಗೆ ತೂರಿಸಿದೆ. ನನ್ನ ಅಂಟು ಗಟ್ಟಿ, ಬೇಗ ಬಿಡುವುದಿಲ್ಲ. ಅಂಗುಲ ಅಂಗುಲವಾಗಿ ಎಬ್ಬಿಸಬೇಕಾಯಿತು. ‘ಅಯ್ಯೋ, ಚೆನ್ನಾಗಿರೋದನ್ನ ಯಾಕೋ ಹಾಳು ಮಾಡ್ತೀಯ,’ ಎಂದಳು ಅಕ್ಕ. ಹಾಳೆ ಎದ್ದಿತು. ಅಡಿಯಲ್ಲಿ ಚೀಟಿ.

ನಾನು ಓದಲಿಲ್ಲ. ಭಾವನ ಕಡೆ ತಿರುಗಿಸಿದೆ.

ಅವರು ಸ್ಟಾಪಿನ ಬೋರ್ಡು ಓದುವವರ ಹಾಗೆ ಗಟ್ಟಿಯಾಗಿ ಓದಿದರು: ‘ರಟ್ಟು, ಬಟ್ಟೆ, ಜೇಬು ಎಲ್ಲ ಹೊಸದು. ತೊಂಬತ್ತೆರಡು ಕಾರ್ಡು. ಹಸಿರು ಅಂಗಿ ಗೋಲ್‌ಕೀಪರ್: ಬಲ ಅಂಚಿನಲ್ಲಿ ಕಂದು ಕಲೆ, ಬಿಲ್ಲಿನ ಆಕಾರ, ಉಗುರುದ್ದ. ಕೂದಲೆಳೆಯಷ್ಟು ಕತ್ತರಿಸಿ ತೆಗೆದಿದೆ.’ ಕೆಳಗೆ ತಾರೀಖು. ಅದನ್ನೂ ಓದಿದರು.

ಮತ್ತೊಮ್ಮೆ, ಈ ಸಲ ತುಟಿಯಲ್ಲೇ, ಓದಿದರು. ಬೆರಳು ಒಂದು ಕಡೆ ನಿಂತಿತು.

‘ಬಿಲ್ಲಿನ ಆಕಾರ.’

‘ಹೂಂ ಭಾವ.’

‘ಚೆಂಡು.’

‘ಹೂಂ.’

‘ಇತ್ತು.’

‘ಇತ್ತು ಭಾವ. ನಾನು ಕಲೆ ಅಂದ್ಕೊಂಡೆ.’

ಅವರು ಕುರ್ಚಿಗೆ ಒರಗಿದರು. ಒಂದೂವರೆ ತಿಂಗಳಲ್ಲಿ ಮೊದಲ ಸಲ ಪೂರ್ತಿ ಬೆನ್ನು ಊರಿ ಕೂತರೇನೋ ಎನ್ನಿಸಿತು. ಕಣ್ಣು ಮುಚ್ಚಿಕೊಂಡರು. ನಾನು ನೆಲ ನೋಡುತ್ತಾ ನಿಂತೆ. ಇನ್ನು ಬೈಯುತ್ತಾರೆ, ಬೈದರೆ ಹಗುರಾಗುತ್ತದೆ ಎಂದು ಕಾದೆ. ಮೊದಲು ಬಾಯಿ ತೆರೆದವಳು ಅಕ್ಕ.

‘ನಿಂಗೆ ಯಾವತ್ತು ಗೊತ್ತಾಯ್ತು?’

‘ಅವತ್ತೇ. ಅಂಗಡೀಲಿ.’

‘ಬೆಳಿಗ್ಗೆ ನಾನು ನಿನ್ನ ಮುಂದೆ ಕೂತು ಅತ್ತೆನಲ್ಲ. ಆಗ ಬಾಯಿಗೇನು ಅಂಟು ಹಾಕ್ಕೊಂಡಿದ್ಯಾ?’

ಅಕ್ಕ ಒಳಗೆ ಹೋದಳು. ಪಾತ್ರೆಗಳ ಸದ್ದಿನಲ್ಲಿ ಉಳಿದದ್ದನ್ನು ಹೇಳಿದಳು.

ಭಾವ ಕಣ್ಣು ತೆರೆದರು. ದನಿ ಏರಿಸಲಿಲ್ಲ. ‘ಕತ್ತರಿಸಿದ್ದು ಬಿಡು. ನಾನೂ ಡಿಪೋದಲ್ಲಿ ಎರಡು ಬಂಪರ್ ನೆಗ್ಗಿಸಿದೀನಿ. ಚೆನ್ನಾಗಿ ಮಾಡಕ್ಕೆ ಹೋಗಿ ಕೆಟ್ಟಿತು, ಆಯ್ತು. ಅವರು ನಕ್ಕಾಗ ಸುಮ್ನಿದ್ದೆ, ಅದನ್ನೂ ಬಿಡೋಣ, ಐದು ಜನರ ಮುಂದೆ ನಾಲಿಗೆ ಏಳಲ್ಲ.’ ಚೀಟಿಯನ್ನು ಬೆರಳಿನಿಂದ ತಟ್ಟಿದರು. ‘ನೆನಪು ಅನ್ನೋದು ಹಂಗೇ ಅಂದ್ಯಲ್ಲ. ಅದನ್ನ ಹೇಳು ಅಂತ ನಿನ್ನ ಯಾರು ಕೇಳಿದ್ರು?’

ಯಾರೂ ಕೇಳಿರಲಿಲ್ಲ.

‘ಡಾಕ್ಟರು ಏನೇನು ಪ್ರಶ್ನೆ ಕೇಳ್ತಾರೆ ಅಂತ ಬರ್ಕೊಂಡು ಉರು ಹೊಡೀತಿದ್ದೆ ನಾನು,’ ಅಂದರು. ‘ವಾರದ ಹೆಸರು ಹಿಂದಿನಿಂದ ಮುಂದಕ್ಕೆ. ಶನಿ, ಶುಕ್ರ, ಗುರು.’ ಅಲ್ಲಿಗೆ ನಿಲ್ಲಿಸಿ ಡೈರಿ ಮುಚ್ಚಿದರು.

ನಾನು ಕೀಲಿಕೈಯನ್ನು ಟೀಪಾಯಿಯ ಮೇಲಿಟ್ಟೆ. ಹಿತ್ತಾಳೆ ಬಸ್ಸು ಒಮ್ಮೆ ಹೊರಳಿ ನಿಂತಿತು. ಅವರು ಅದನ್ನು ತೆಗೆದುಕೊಂಡು ಅಂಗೈಯಲ್ಲಿ ಮುಚ್ಚಿದರು.

‘ಭಾನುವಾರ ಹತ್ತು ಗಂಟೆಗೆ ರೆಡಿ ಇರಿ ಬೈಂಡರ್ರೇ. ನಾನೇ ಬಂದು ಕರ್ಕೊಂಡ್ ಹೋಗ್ತೀನಿ.’

ಇರಿ ಎಂದರು. ಬೈಂಡರ್ರೇ ಎಂದರು. ಅಕ್ಕನ ಮದುವೆಯ ದಿನದಿಂದ ಅವರು ನನ್ನನ್ನು ಭಾಮೈದ ಎಂದು ಬಿಟ್ಟು ಬೇರೆ ಕರೆದದ್ದಿಲ್ಲ. ಸಿಟ್ಟು ಬಂದಾಗ ಕತ್ತೆ ಎಂದದ್ದುಂಟು, ಅದೂ ಮನೆಯವರ ಮಾತೇ. ಬಹುವಚನ ಇಷ್ಟು ಚುಚ್ಚುತ್ತದೆ ಎಂದು ನನಗೆ ಗೊತ್ತಿರಲಿಲ್ಲ.

ಭಾನುವಾರ ಹತ್ತಕ್ಕೆ ಎರಡು ನಿಮಿಷ ಮುಂಚೆಯೇ ಸ್ಕೂಟರ್ ಬಂದು ನಿಂತಿತು. ದಾರಿಯುದ್ದಕ್ಕೂ ನಾನು ಹಿಂದೆ ಆಲ್ಬಮ್ ಹಿಡಿದು ಕೂತಿದ್ದೆ. ಸಿಗ್ನಲ್ಲಿನಲ್ಲಿ ಕೆಂಪು ದೀಪ ಬಿದ್ದಾಗ ಅವರು ಗೆರೆಗೆ ಸರಿಯಾಗಿ ನಿಲ್ಲಿಸಿ, ದೀಪವನ್ನು ಸ್ವಲ್ಪ ಹೆಚ್ಚೇ ಹೊತ್ತು ನೋಡಿದರು.

ಅಂಗಡಿಯಲ್ಲಿ ಅದೇ ಮೇಜು, ಅವೇ ಮುಖಗಳು. ‘ಓಹೋ, ಕ್ಷೌರದ ಡ್ರೈವರ್ರು ಬಂದ್ರು,’ ಎಂದರು ಮೇಷ್ಟ್ರು. ಆ ಹೆಸರು ಆರು ವಾರದಿಂದ ಅಲ್ಲಿ ಓಡಾಡುತ್ತಿತ್ತೆಂದು ನನಗೆ ಆಗ ಗೊತ್ತಾಯಿತು. ಭಾವ ಕೂರಲಿಲ್ಲ. ನನ್ನ ಕಡೆ ಕೈ ತೋರಿಸಿ, ‘ಇವರು ಬೈಂಡರ್ರು. ಸ್ವಲ್ಪ ಮಾತಾಡೋದಿದೆಯಂತೆ,’ ಎಂದರು.

ನಾನು ಮಾತಿನ ಮಲ್ಲ. ಗಿರಾಕಿಗಳು ನನ್ನ ಅಂಗಡಿಯಿಂದ ತಪ್ಪಿಸಿಕೊಂಡು ಹೋಗುವಷ್ಟು ಮಾತು. ಅವತ್ತು ಹೇಳಿದ್ದು ನಾಲ್ಕೇ ವಾಕ್ಯ. ಕಾರ್ಡು ಕತ್ತರಿಸಿದ್ದು ನಾನು. ಕಲೆ ಅಂದುಕೊಂಡದ್ದು ಚೆಂಡು. ಅವತ್ತು ಇಲ್ಲೇ ನಿಂತಿದ್ದಾಗ ನನಗೆ ಗೊತ್ತಿತ್ತು. ಭಾವನ ನೆನಪು ಸರಿಯಾಗಿತ್ತು. ಹೇಳುವಾಗ ಮೇಜಿನ ಮೇಲೆ ಟೀ ಲೋಟ ಬಿಟ್ಟಿದ್ದ ಒಂದು ಒದ್ದೆ ಉಂಗುರವನ್ನೇ ನೋಡುತ್ತಿದ್ದೆ.

ಲೆನ್ಸಮ್ಮ ಚೀಟಿಯನ್ನು ಕನ್ನಡಿಯಡಿ ಹಿಡಿದು ಓದಿದರು. ‘ಅಕ್ಷರ ಮುತ್ತಿನ ಹಾಗಿದೆ,’ ಎಂದರು. ಹೊಗಳಿಕೆಯೋ ಬೇರೆಯೋ ತಿಳಿಯಲಿಲ್ಲ. ‘ಇಷ್ಟು ಚೆನ್ನಾಗಿ ಬರೆದು, ಯಾರಿಗೂ ಕಾಣದ ಕಡೆ ಅಂಟಿಸಿದೀರಲ್ಲ.’

ಚೀಟಿ ಮೇಜಿನ ಸುತ್ತ ಕೈಯಿಂದ ಕೈಗೆ ಹೋಯಿತು. ಮೇಷ್ಟ್ರು ಕನ್ನಡಕ ಏರಿಸಿಕೊಂಡು ಎಲ್ಲರಿಗಿಂತ ಹೆಚ್ಚು ಹೊತ್ತು ಓದಿದರು. ಆಮೇಲೆ ಎದ್ದು, ತಮ್ಮ ಪಕ್ಕದ ಕುರ್ಚಿಯ ಮೇಲಿದ್ದ ಚೀಲ ತೆಗೆದು ನೆಲಕ್ಕಿಟ್ಟರು. ‘ಕೂತ್ಕೊಳ್ಳಿ ಡ್ರೈವರ್ರೇ,’ ಎಂದರು. ಅಷ್ಟೇ. ಕ್ಷೌರದ ಮಾತಿಲ್ಲ.

‘ಈಗ ಹೇಳಮ್ಮ,’ ಭಾವ ಕೂತು ಕೇಳಿದರು, ‘ಚೆಂಡಿತ್ತು ಅನ್ನೋದಕ್ಕೆ ಬರಹ ಸಿಕ್ತು. ಕಳಿಸಬಹುದಾ?’

‘ಇಲ್ಲ ಅಣ್ಣ. ಅವರು ಇರೋದಕ್ಕೆ ಅಂಕ ಕೊಡ್ತಾರೆ. ಇದ್ದಿದ್ದಕ್ಕೆ ಕೊಡಲ್ಲ. ಫೀಸು ದಂಡ. ಆದರೆ ಈ ಚೀಟಿ ಕಳೀಬೇಡಿ. ಕಾರ್ಡಿನ ಜೊತೇಲಿ ಇಡಿ.’

ಭಾವ ಆಲ್ಬಮ್ ತೆರೆದರು. ಆಮೇಲೆ ಗೋಲ್‌ಕೀಪರಿನ ಪಕ್ಕದ ಜೇಬಿನಲ್ಲಿದ್ದ ಆಟಗಾರನನ್ನು ಬೇರೆ ಪುಟಕ್ಕೆ ಕಳಿಸಿ, ಖಾಲಿಯಾದ ಆ ಜೇಬಿಗೆ ನನ್ನ ಚೀಟಿಯನ್ನು ಇಳಿಸಿದರು. ಅಕ್ಷರ ಹೊರಗೆ ಕಾಣುವ ಹಾಗೆ. ಹಸಿರು ಅಂಗಿಯವನು ಬಲಕ್ಕೆ ಹಾರಿದ್ದಾನೆ, ಅವನ ಕೈ ಚಾಚಿದ ಕಡೆಗೆ ನನ್ನ ಬರಹ.

ಅದು ಈಗಲೂ ಅಲ್ಲೇ ಇದೆ. ಯಾರು ಮನೆಗೆ ಬಂದರೂ ಆಲ್ಬಮ್ ಇಳಿಯುತ್ತದೆ. ಭಾವ ಮೊದಲು ಚೀಟಿ ಓದಿಸುತ್ತಾರೆ, ಆಮೇಲೆ ಕಾರ್ಡು ತೋರಿಸುತ್ತಾರೆ. ‘ಯಾರಿದು ಕತ್ತರಿಸಿದ್ದು?’ ಎಂದು ಬಂದವರು ಕೇಳಿಯೇ ಕೇಳುತ್ತಾರೆ. ‘ಒಬ್ಬರು ಬೈಂಡರ್ರು,’ ಎನ್ನುತ್ತಾರೆ ಭಾವ. ನಾನು ಅಲ್ಲಿದ್ದರೆ ನೀರು ಕುಡಿಯಲು ಏಳುತ್ತೇನೆ. ಅಕ್ಕ ಲೋಟವನ್ನು ಮೊದಲೇ ತುಂಬಿಸಿ ಇಟ್ಟಿರುತ್ತಾಳೆ.

ಆ ಭಾನುವಾರ ಒಂದು ಗಂಟೆಗೆ ಲೆನ್ಸಮ್ಮನ ಅಂಗಡಿ ಮುಚ್ಚಿದ ಮೇಲೆ ಭಾವನೇ ನನ್ನನ್ನು ವಾಪಸ್ಸು ಬಿಟ್ಟರು. ಅಂಗಡಿಯವರೆಲ್ಲ ಅವರ ಬೆನ್ನು ತಟ್ಟಿ ಕಳಿಸಿದ್ದರು. ದಾರಿಯಲ್ಲಿ ಸಣ್ಣಗೆ ಸಿಳ್ಳೆ ಹಾಕುತ್ತಿದ್ದರು. ತಿರುವು ಬಂದಾಗ ಎರಡೂ ಕಡೆ ನೋಡಿದರು, ಕೈ ತೋರಿಸಿದರು, ಒಂದು ಸಲವೂ ಅನುಮಾನಿಸಲಿಲ್ಲ. ನಾನು ಹಿಂದೆ ಕೂತು ಏನಾದರೂ ಹೇಳಬೇಕೆಂದು ಬಾಯಿ ತೆರೆದೆ, ಗಾಳಿ ತುಂಬಿತು, ಮುಚ್ಚಿಕೊಂಡೆ. ಬೈಂಡಿಂಗ್ ಅಂಗಡಿಯ ಮುಂದೆ ಸ್ಕೂಟರ್ ಅಲುಗದ ಹಾಗೆ ನಿಂತಿತು.

‘ಇಳೀರಿ,’ ಎಂದರು, ಕನ್ನಡಿಯಲ್ಲಿ ನನ್ನ ಮುಖ ನೋಡುತ್ತಾ. ‘ನಿಮ್ಮ ಸ್ಟಾಪ್ ಬಂತು.’